ಕ್ವಿಂಟಲ್ಲಿಗೆ ಏಳು ಕಿಲೋ ಕಮ್ಮಿ

2023ರ ಸೆಪ್ಟೆಂಬರ್ ತಿಂಗಳು. ಮಳೆ ಕೈಕೊಟ್ಟ ವರ್ಷ ಅದು, ನವಲಗುಂದ ಸೀಮೆಯವರಿಗೆಲ್ಲ ನೆನಪಿರುತ್ತದೆ. ಎಂಟು ಎಕರೆ ಎರಿ ಹೊಲದಾಗ ಬಿತ್ತಿದ್ದ ಹೆಸರು ಕಡೆಗೆ ನಾಲ್ಕೇ ಚೀಲ ಆಗಿತ್ತು. ವ್ಯಾಪಾರಿ ಕಡೆಯ ಹುಡುಗ ಕರೆಂಟಿನ ಕಾಟಾ ತಂದು ನಮ್ಮ ಅಂಗಳದಾಗ ಇಟ್ಟ. ನಾಲ್ಕು ಚೀಲ ತೂಗಲಿಕ್ಕೆ ಎಷ್ಟು ಹೊತ್ತು ಬೇಕು? ಹತ್ತು ನಿಮಿಷದಾಗ ಮುಗೀತು. ಆಗ ನಮ್ಮ ಕಾಕಾ ನನ್ನ ಕಡೆ ತಿರುಗಿ, "ಏ ಇಂಜಿನಿಯರ್, ನೀನೂ ಒಂದ್ಸಲ ನಿಂದ್ರಲೇ, ರಾಶಿ ತುಂಬಿಧಂಗ ಆಕ್ಕೈತಿ" ಅಂದ.

ನಿಂತೆ. 93.2 ತೋರಿಸಿತು.

"ಕ್ವಿಂಟಲ್ಲಿಗೆ ಏಳ ಕಿಲೋ ಕಮ್ಮಿ! ನಾಕ ಅಲ್ಲ, ಐದ ಚೀಲ ಅಂತ ಬರಕೋರಿ!" ಅಂಗಳ ತುಂಬ ನಗೆ. ನಾನೂ ನಕ್ಕೆ. ಅಪ್ಪ ಮಾತ್ರ ನಗಲಿಲ್ಲ, ಅವನು ನಾಲ್ಕು ಚೀಲಕ್ಕೆ ಎಷ್ಟು ರೊಕ್ಕ ಬರತೈತಿ ಅನ್ನೋ ಲೆಕ್ಕದಾಗ ಇದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜನ ನಕ್ಕರು ಅಂತ ಅಲ್ಲ. ಬೆಳೆ ಒಣಗಿದ ವರ್ಷ, ಹಾಸ್ಟೆಲಿನಾಗ ಕುಂತು ತಿಂದು ನಾನು ಒಬ್ಬನೇ ಬೆಳೆದಿದ್ದೆ ಅನ್ನಿಸಿತು.

ಹಾಸ್ಟೆಲಿಗೆ ವಾಪಸ್ ಬಂದವನೇ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಮೊಬೈಲಿನಾಗ ಒಬ್ಬ ಪುಣ್ಯಾತ್ಮ "30 ದಿನದಲ್ಲಿ 10 ಕಿಲೋ" ಅಂತ ಹೇಳುತ್ತಿದ್ದ. ಬೆಳಿಗ್ಗೆ ಕರಿ ಕಾಫಿ, ಮಧ್ಯಾಹ್ನ ಓಟ್ಸ್, ರಾತ್ರಿ ಸೌತೆಕಾಯಿ. ಈಗ ಲೆಕ್ಕ ಹಾಕಿ ನೋಡಿದರೆ ದಿನಕ್ಕೆ ಸುಮಾರು 900 ಕ್ಯಾಲೊರಿ. ಐದು ವಾರದಲ್ಲಿ ಆರು ಕಿಲೋ ಇಳಿದೆ, ಸುಳ್ಳಲ್ಲ. ಆದರೆ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತಾಗ ಕಣ್ಣಿಗೆ ಕತ್ತಲು ಬಂತು. ಪಕ್ಕದವನು ಹಿಡಿಯದಿದ್ದರೆ ಏನಾಗುತ್ತಿತ್ತೋ. ಚಕ್ ತಿರುಗುತ್ತಿತ್ತು. ಈ ಒಂದು ಕಾರಣಕ್ಕೇ ಈ ಲೇಖನ ಬರೀತಾ ಇದೀನಿ ಅಂದ್ಕೊಳ್ಳಿ, ಯಾಕಂದ್ರೆ ನಮ್ಮ ಬ್ಲಾಕಿನಲ್ಲಿ ಈಗಲೂ ಇಬ್ಬರು ಸೌತೆಕಾಯಿ ಮೇಲೆ ಬದುಕುತ್ತಿದ್ದಾರೆ.

ಆಮೇಲೆ ಆದದ್ದು ನಿಮಗೆ ಗೊತ್ತೇ ಇದೆ. ಹಸಿದ ಹೊಟ್ಟೆ ಸಾಲಗಾರ ಇದ್ದಂಗ, ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಮೆಸ್ಸಿನಲ್ಲಿ ಪೂರಿ ದಿನ ಒಂಬತ್ತು ಪೂರಿ ತಿಂದೆ. ಜನವರಿ 11ಕ್ಕೆ ಎಳ್ಳಮಾಸಿ ಬಂತು. ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗಿ, ಕಡಬು, ಮೊಸರನ್ನ ಎಲ್ಲ ಉಂಡು ಬನ್ನಿ ಗಿಡದ ಬುಡಕ್ಕೆ ಮಲಗಿಬಿಟ್ಟೆ. ತಿಂಗಳ ನಡುವೆ ತೂಕ ನೋಡಿದರೆ 94. ಹೋದ ಆರು ಕಿಲೋ ತನ್ನ ಜೊತೆ ಇನ್ನೊಂದನ್ನು ಕರಕೊಂಡು ಬಂದಿತ್ತು.

ಆ ಸೆಮಿಸ್ಟರ್ ಥರ್ಮೋಡೈನಮಿಕ್ಸ್ ಇತ್ತು. ಮೊದಲನೇ ನಿಯಮ ಓದುವಾಗ ತಲೆಯಲ್ಲಿ ಒಂದು ಮಾತು ಹೊಕ್ಕಿತು: ಇದು ಬಾಯಿ ಕಟ್ಟುವ ವ್ರತ ಅಲ್ಲ, ಇದು ಎನರ್ಜಿ ಬ್ಯಾಲೆನ್ಸ್. ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು. ನಾವು ದಿನಾ ಬಾಯ್ಲರಿಗೆ ಮಾಡುವ ಲೆಕ್ಕವನ್ನು ಒಮ್ಮೆ ನಮಗೇ ಮಾಡಿದರೆ?

ಮಾಡಿದೆ. ಮಿಫ್ಲಿನ್–ಸೇಂಟ್ ಜಿಯೋರ್ ಅಂತ 1990ರ ಒಂದು ಸೂತ್ರ ಇದೆ. ಗಂಡಸರಿಗೆ: ತೂಕವನ್ನು 10ರಿಂದ, ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ ಕೂಡಿಸು, ವಯಸ್ಸಿನ ಐದು ಪಟ್ಟು ಕಳೆ, 5 ಸೇರಿಸು. (ಹೆಂಗಸರಿಗೆ 5 ಸೇರಿಸುವ ಬದಲು 161 ಕಳೆಯಬೇಕು.) ನನಗೆ 94 ಕಿಲೋ, 172 ಸೆಂಟಿಮೀಟರ್, 19 ವರ್ಷ. ಉತ್ತರ 1925. ಇದು ಸುಮ್ಮನೆ ಮಲಗಿದ್ದರೂ ದೇಹ ಸುಡುವ ಕ್ಯಾಲೊರಿ. ಕುಂತು ಕೆಲಸ ಮಾಡುವವರು ಇದನ್ನು 1.2ರಿಂದ, ಸ್ವಲ್ಪ ಓಡಾಡುವವರು 1.375ರಿಂದ ಗುಣಿಸುತ್ತಾರೆ. ನಾನು ಕುಂತವನೇ, ಆದರೆ ಹಾಸ್ಟೆಲಿನಿಂದ ಡಿಪಾರ್ಟ್‌ಮೆಂಟಿಗೆ ಎರಡು ಹೊತ್ತು ನಡೀತೀನಿ. 2400 ಅಂತ ಹಿಡಿದೆ. ಅದರಿಂದ 500 ಕಳೆದೆ. ದಿನಕ್ಕೆ 1900.

1900 ಅಂದರೆ ಉಪವಾಸ ಅಲ್ಲ ಅನ್ನೋದೇ ನನಗೆ ಮೊದಲ ಆಶ್ಚರ್ಯ. ಬೆಳಿಗ್ಗೆ ಒಂದು ಪ್ಲೇಟ್ ಉಪ್ಪಿಟ್ಟು ಇಲ್ಲವೇ ಅವಲಕ್ಕಿ 350. ಮಧ್ಯಾಹ್ನ ಎರಡು ಚಪಾತಿ, ಪಲ್ಯ, ಒಂದು ಬಟ್ಟಲು ಅನ್ನ, ಸಾರು ಸೇರಿ 650. ಸಂಜೆ ಚಹಾ, ಒಂದು ಹಿಡಿ ಪುಟಾಣಿ 180. ರಾತ್ರಿ ಎರಡು ರೊಟ್ಟಿ, ಕಾಳುಪಲ್ಯ, ಮೊಸರು 700. ಕೂಡಿಸಿ ನೋಡಿ, 1880. ಇದರಲ್ಲಿ ಯಾವುದನ್ನು "ಡಯಟ್" ಅಂತೀರಿ? ನಮ್ಮ ರೂಮಿನವನು "ಇದು ನಾ ದಿನಾ ತಿನ್ನೂದ ಐತೆಲ್ಲೋ" ಅಂದ. ಅವನ ತೂಕ 61.

ಹಂಗಾದ್ರೆ ನಾನು ಮೊದಲು ತಿನ್ನುತ್ತಿದ್ದದ್ದು ಏನು? ಇದನ್ನು ಹುಡುಕಲು ಎರಡು ವಾರ ಏನನ್ನೂ ಬಿಡದೆ ಬರೀ ಬರೆದಿಟ್ಟೆ. ಅಡುಗೆ ತೂಕದ ಸಣ್ಣ ಕಾಟಾ ಒಂದು ಕೊಂಡೆ, ಸುಮಾರು ನಾಲ್ಕುನೂರು ರೂಪಾಯಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ಭಾರತದ ಆಹಾರಗಳ ಪಟ್ಟಿ ಹೊರತಂದಿದ್ದಾರೆ, ಅದರಲ್ಲಿ ನಮ್ಮ ಜೋಳ, ಹೆಸರು, ಕಡ್ಲಿ, ಪುಂಡಿ ಸೊಪ್ಪು ಎಲ್ಲಕ್ಕೂ ಅಂಕಿ ಸಿಗುತ್ತವೆ. ವಿದೇಶಿ ಆ್ಯಪಿನಲ್ಲಿ ಹುಡುಕಿದರೆ ಜುಣಕ ಸಿಗುವುದಿಲ್ಲ.

ಕಳ್ಳ ಸಿಕ್ಕಿದ್ದು ಚಹಾದಲ್ಲಿ. ದಿನಕ್ಕೆ ಐದು ಕಪ್. ಒಂದರಲ್ಲಿ ಎರಡು ಚಮಚೆ ಸಕ್ಕರೆ ಅಂದರೆ 10 ಗ್ರಾಂ, 40 ಕ್ಯಾಲೊರಿ. ಬರೀ ಸಕ್ಕರೆಯೇ 200, ಹಾಲು ಬೇರೆ. ಎರಡನೇ ಕಳ್ಳ ಎಣ್ಣಿ. ಒಂದು ಗ್ರಾಂ ಎಣ್ಣಿಗೆ 9 ಕ್ಯಾಲೊರಿ, ಹಿಟ್ಟು-ಬ್ಯಾಳಿಯ ಪಿಷ್ಟಕ್ಕೂ ಪ್ರೋಟೀನಿಗೂ 4. ಶೇಂಗಾ ಹಿಂಡಿ ಮೇಲೆ ಸುರುವಿಕೊಳ್ಳುತ್ತಿದ್ದ ದೊಡ್ಡ ಚಮಚೆ ಎಣ್ಣಿಯೇ 120ರ ಮೇಲೆ. ಅದು ಊಟ ಅಂತ ನನ್ನ ತಲೆಯಲ್ಲಿ ಲೆಕ್ಕವೇ ಇರಲಿಲ್ಲ, "ಹಚ್ಚಿಕೊಳ್ಳೂದು" ಅಷ್ಟೇ. ಸಂಜೆಯ ಗಿರಮಿಟ್ಟು-ಮಿರ್ಚಿ ಬಗ್ಗೆ ಹೇಳುವುದಿಲ್ಲ. ಮಿರ್ಚಿ ಎಷ್ಟು ಎಣ್ಣಿ ಕುಡಿದಿರುತ್ತದೆ ಅಂತ ಕರಿಯುವವನಿಗೂ ಗೊತ್ತಿಲ್ಲ.

ಇಲ್ಲಿ ಒಂದು ಮಾತು, ನಮ್ಮ ಕಡೆಯವರಿಗೆ ಸಿಟ್ಟು ಬಂದರೂ ಸರಿ. "ಜ್ವಾಳದ ರೊಟ್ಟಿ ತಿಂದ್ರ ಸಣ್ಣ ಆಕ್ಕೀರಿ" ಅಂತ ಬೆಂಗಳೂರಿನವರಿಗೆ ನಾವು ಬಹಳ ಹೆಮ್ಮೆಯಿಂದ ಹೇಳುತ್ತೇವೆ. 100 ಗ್ರಾಂ ಜೋಳದಲ್ಲಿ 334 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ 356. ಏನು ದೊಡ್ಡ ವ್ಯತ್ಯಾಸ? ಜೋಳದಲ್ಲಿ ನಾರು ಹೆಚ್ಚು, ಬೇಗ ಹೊಟ್ಟೆ ತುಂಬುತ್ತದೆ, ಅದು ಖರೆ. ಆದರೆ ಐದು ರೊಟ್ಟಿ ತಿಂದರೆ ಐದು ರೊಟ್ಟಿಯೇ. ನಮ್ಮ ಅಜ್ಜ ಆರು ತಿನ್ನುತ್ತಿದ್ದ ಅಂತಾರೆ. ಅವನು ಎತ್ತಿನ ಹಿಂದೆ ಮುಂಜಾನಿಯಿಂದ ಸಂಜಿತನಕ ಎರಿ ಮಣ್ಣಿನಾಗ ನಡೀತಿದ್ದ. ಈಗ ಟ್ರ್ಯಾಕ್ಟರ್ ಬಂದಿದೆ, ಹೊಲಕ್ಕೆ ಬೈಕಿನ ಮೇಲೆ ಹೋಗುತ್ತೇವೆ, ಆದರೆ ರೊಟ್ಟಿಯ ಎಣಿಕೆ ಎತ್ತಿನ ಕಾಲದ್ದೇ ಉಳಿದಿದೆ. ಊರಿನ ಕಟ್ಟೆ ಮೇಲೆ ಈಗ ಶುಗರ್ ಗುಳಿಗಿಯ ಮಾತೇ ಹೆಚ್ಚು.

ನನ್ನ ಎರಡು ರೊಟ್ಟಿ ಮೊದಲ ತಿಂಗಳು ಚೊಲೋ ಕೆಲಸ ಮಾಡಿತು. ಮೂರು ಕಿಲೋ ಇಳಿಯಿತು. ಕುಣಿದೆ. ಆಮೇಲೆ ಓದಿದಾಗ ಗೊತ್ತಾಯಿತು, ಅದರಲ್ಲಿ ಒಂದಷ್ಟು ಬರೀ ನೀರು. ದೇಹ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇಟ್ಟುಕೊಂಡಿರುತ್ತದೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಕುಂತಿರುತ್ತದೆ. ಊಟ ಕಮ್ಮಿ ಆದಾಗ ಮೊದಲು ಅದು ಖಾಲಿ. ಹಬ್ಬದ ಊಟ ಮಾಡಿದ ಮರುದಿನ ಅದೇ ವಾಪಸ್. ಒಮ್ಮೆ ಊರಲ್ಲಿ ಒಂದು ಮದುವಿ ಊಟ ಉಂಡು ಬಂದ ಮರುದಿನ 1.8 ಕಿಲೋ ಹೆಚ್ಚು ತೋರಿಸಿತು. ಎದೆ ಧಸಕ್ಕಂತು. ಆಮೇಲೆ ಲೆಕ್ಕ ಹಾಕಿದೆ: ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. 1.8 ಕಿಲೋ ಕೊಬ್ಬು ಏರಬೇಕಾದರೆ ದಿನದ ಖರ್ಚಿನ ಮೇಲೆ 13,860 ಕ್ಯಾಲೊರಿ ತಿಂದಿರಬೇಕು. ಎಷ್ಟೇ ಹೋಳಿಗಿ ತಿಂದರೂ ಅದು ಮನುಷ್ಯರ ಕೈಲಿ ಆಗೋದಲ್ಲ. ನಾಲ್ಕು ದಿನಕ್ಕೆ ಅದು ಇಳಿಯಿತು.

ಅಂದಿನಿಂದ ದಿನದ ತೂಕವನ್ನು ನೋಡುವುದು ಬಿಟ್ಟು ಏಳು ದಿನದ ಸರಾಸರಿ ನೋಡಲು ಶುರು ಮಾಡಿದೆ. ಸಿಗ್ನಲ್ ಪ್ರಾಸೆಸಿಂಗ್ ಓದುವವರಿಗೆ ಹೇಳಬೇಕಾಗಿಲ್ಲ, ಇದು ಮೂವಿಂಗ್ ಆವರೇಜ್ ಫಿಲ್ಟರ್ ಅಷ್ಟೇ. ಉಪ್ಪು, ನೀರು, ಹೊಟ್ಟೆ ಸಾಫ್ ಆಗದಿರುವುದು ಎಲ್ಲ ನಾಯ್ಸ್. ಮೆಸ್ಸಿನ ಉಪ್ಪಿನಕಾಯಿ ದೊಡ್ಡ ನಾಯ್ಸ್.

ಆರನೇ ತಿಂಗಳಿಗೆ ಬಂದಾಗ ಫಿಲ್ಟರ್ ಹಾಕಿದರೂ ಗೆರೆ ಮಲಗತೊಡಗಿತು. ದಿನಕ್ಕೆ 500ರಂತೆ ಒಂದು ವರ್ಷಕ್ಕೆ 1,82,500 ಕ್ಯಾಲೊರಿ, 7700ರಿಂದ ಭಾಗಿಸಿದರೆ ಸುಮಾರು 24 ಕಿಲೋ ಇಳಿಯಬೇಕು ಅಂತ ನಾನು ಗೋಡೆಗೆ ಗ್ರಾಫ್ ಅಂಟಿಸಿದ್ದೆ. ನೇರ ಗೆರೆ. ನನ್ನ ಚುಕ್ಕೆಗಳು ಅದನ್ನು ಬಿಟ್ಟು ಮೇಲೆ ಮೇಲೆ ಹೋಗುತ್ತಿದ್ದವು. ನಾನು ಎಲ್ಲೋ ಕದ್ದು ತಿನ್ನುತ್ತಿದ್ದೇನೆ ಅಂತ ನನ್ನ ಮೇಲೆ ನನಗೇ ಸಂಶಯ. ವಹಿ ತೆಗೆದು ಎರಡೆರಡು ಸಲ ನೋಡಿದೆ. ತಪ್ಪು ವಹಿಯಲ್ಲಿ ಇರಲಿಲ್ಲ, ಗೆರೆಯಲ್ಲಿ ಇತ್ತು.

ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. 94 ಕಿಲೋ ಹೊತ್ತು ಮೆಟ್ಟಿಲು ಹತ್ತುವುದು ಬೇರೆ, 84 ಹೊತ್ತು ಹತ್ತುವುದು ಬೇರೆ. ಕೆವಿನ್ ಹಾಲ್ ಅನ್ನುವ ಅಮೆರಿಕದ ವಿಜ್ಞಾನಿ, ಭೌತಶಾಸ್ತ್ರ ಓದಿದವರು, 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಜೊತೆಗಾರರೊಂದಿಗೆ ಇದರ ಲೆಕ್ಕ ಕೊಟ್ಟಿದ್ದಾರೆ. ದಿನದ ಊಟದಲ್ಲಿ 100 ಕಿಲೋಜೂಲ್, ಅಂದರೆ ಸುಮಾರು 24 ಕ್ಯಾಲೊರಿ ಕಾಯಂ ಕಮ್ಮಿ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ, ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ, ಹೆಚ್ಚು ಕಮ್ಮಿ ಪೂರ್ತಿ ಇಳಿಯಲು ಮೂರು ವರ್ಷ. ಇದನ್ನು ಓದಿದಾಗ ರಾತ್ರಿ ಒಂದೂವರೆ. ಎದ್ದು ಕುಂತೆ. ಇದು ಆರ್‌ಸಿ ಸರ್ಕಿಟ್! ಸ್ವಿಚ್ ಒತ್ತಿದ ಕೂಡಲೆ ಕೆಪಾಸಿಟರ್ ಖಾಲಿ ಆಗುತ್ತದೆಯೇ? ಮೊದಲು ಜೋರಾಗಿ, ಆಮೇಲೆ ನಿಧಾನ. ನನ್ನ 500ಕ್ಕೆ ಕೊನೆಗೆ ಸಿಗುವುದು ಸುಮಾರು 21 ಕಿಲೋ, ಮೊದಲ ವರ್ಷ ಹತ್ತು-ಹನ್ನೊಂದು. ಗೋಡೆಯ ನೇರ ಗೆರೆ ಹರಿದು ಬಾಗಿದ ಗೆರೆ ಹಾಕಿದೆ. ನನ್ನ ಚುಕ್ಕೆಗಳು ಅದರ ಮೇಲೆ ಕುಂತವು, ಆಚೀಚೆ ಅರ್ಧ ಕಿಲೋ. 2025ರ ಜನವರಿಗೆ 82.6.

ಸೆಮಿಸ್ಟರ್ ಪರೀಕ್ಷೆಯಲ್ಲಿ ಟ್ರಾನ್ಸಿಯೆಂಟ್ ಪ್ರಶ್ನೆಗೆ ಪೂರ್ತಿ ಮಾರ್ಕ್ಸ್ ಬಂದದ್ದು ಇದರಿಂದಲೇ ಅಂತ ನನ್ನ ನಂಬಿಕೆ.

ಇಷ್ಟು ಹೇಳಿದರೆ ಇದು ಹಾಸ್ಟೆಲ್ ಕಥೆ. ಕಷ್ಟ ಇದ್ದದ್ದು ಊರಲ್ಲಿ.

ನಮ್ಮ ಕಡೆ ತೂಕ ಇಳಿದವನನ್ನು ಯಾರೂ "ಚಂದ ಕಾಣ್ತಿ" ಅನ್ನುವುದಿಲ್ಲ. "ಸೊರಗಿದಿ" ಅಂತಾರೆ. ಬಸ್ ಇಳಿದು ಮನೆ ಮುಟ್ಟುವುದರೊಳಗೆ ನಾಲ್ಕು ಮಂದಿ "ಯಾಕೋ ತಮ್ಮಾ, ಆರಾಮ ಇಲ್ಲೇನು?" ಅಂತ ಕೇಳಿದರು. ಒಬ್ಬ ದೊಡ್ಡಪ್ಪ ಅಪ್ಪನನ್ನು ಬದಿಗೆ ಕರೆದು ರಕ್ತ ಪರೀಕ್ಷೆ ಮಾಡಿಸಲು ಹೇಳಿದನಂತೆ. ಅವ್ವ ಮೆಸ್ಸಿನವರನ್ನು ಬೈದಳು. ಆಯಿ ಏನೂ ಅನ್ನಲಿಲ್ಲ, ಒಲಿ ಮುಂದೆ ಕುಂತು ರೊಟ್ಟಿ ಬಡಿಯುತ್ತಿದ್ದಳು.

ಸೂಟಿಯಲ್ಲಿ ಮೂರು ವಾರ ಇದ್ದೆ. ದಿನಾ ಎರಡೇ ರೊಟ್ಟಿ, ವಹಿಯಲ್ಲಿ 400 ಅಂತ ಬರೆಯುವುದು. ಆದರೆ ಬೆಲ್ಟಿನ ತೂತು ಹಿಂದಕ್ಕೆ ಹೋಗತೊಡಗಿತು. ಒಂದು ದಿನ ಯಾರೂ ಇಲ್ಲದಾಗ ಬುಟ್ಟಿಯೊಳಗಿನ ರೊಟ್ಟಿಗಳನ್ನು ನನ್ನ ಸಣ್ಣ ಕಾಟಾದ ಮೇಲೆ ಇಟ್ಟು ನೋಡಿದೆ. ಮೇಲಿನ ನಾಲ್ಕು ಹಗುರ, ತೆಳ್ಳಗೆ ಕಾಗದದಂಗ. ಅಡಿಯಲ್ಲಿ ಅರಿವಿಯಲ್ಲಿ ಸುತ್ತಿ ಬೇರೆ ಇಟ್ಟಿದ್ದ ಎರಡು ಮಾತ್ರ ಹೆಚ್ಚು ಕಮ್ಮಿ ಒಂದೂವರೆ ಪಟ್ಟು ಭಾರ. ಅವು ನನ್ನವು. ಮರುದಿನ ಆಯಿ ಹಿಟ್ಟು ನಾದುವಾಗ ಕಣ್ಣಿಟ್ಟು ನೋಡಿದೆ. ನನ್ನ ಮುದ್ದಿ ದೊಡ್ಡದು, ಅದನ್ನು ಬಡಿದು ದಪ್ಪಗೆ ಅದೇ ಅಳತೆಯ ರೊಟ್ಟಿ ಮಾಡುತ್ತಿದ್ದಳು.

"ಆಯಿ, ಏನ್ ಬೇ ಇದು? ನನ್ನ ಲೆಕ್ಕಾ ಎಲ್ಲಾ ತಪ್ಪಿಸಿದಿ" ಅಂದೆ. ನಗುತ್ತಲೇ ಅಂದೆ.

ಅವಳು ನಗಲಿಲ್ಲ. ಕೈ ನಿಲ್ಲಿಸಲೂ ಇಲ್ಲ. "ಎಪ್ಪತ್ತೆರಡರ ಬರದಾಗ ನಿಮ್ಮಪ್ಪ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ದೊಡ್ಡಪ್ಪ ಕೂಸು. ಜಲ್ಲಿ ಒಡಿಯಾಕ ಹೊಕ್ಕಿದ್ವಿ. ಬಂದದ್ದರಾಗ ಗಂಡಸರಿಗೆ ಒಂದೊಂದು ಹಾಕಿ, ನಾವು ಹೆಂಗಸರು ಅರ್ಧರ್ಧಾ ಹಂಚಿಕೊಂಡ ತಿಂತಿದ್ವಿ. ನಮ್ಮ ಅತ್ತಿ ಅದರಾಗ ಅರ್ಧಾ ಕೂಸಿಗೆ ಮುರಿತಿದ್ಲು. ಅವಾಗ ಯಾರೂ ವಹಿ ಇಟ್ಟಿರಲಿಲ್ಲ ಯಪ್ಪಾ, ಯಾರ ಹೊಟ್ಟ್ಯಾಗ ಎಷ್ಟ ಹೋತು ಅಂತ." ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ ನೀರು ಸವರಿದಳು. "ಇದ್ದೂ ತಿನ್ನೂದಿಲ್ಲಾ ಅಂದ್ರ ನನಗ ತಿಳಿಯಂಗಿಲ್ಲ. ನಿನ್ನ ಲೆಕ್ಕಾ ನಿನಗ. ನಂದು ನನಗ."

ನಾನು ಏನು ಹೇಳಲಿ? ಕ್ಯಾಲೊರಿ ಕೊರತೆ ಅನ್ನುವುದು ನನಗೆ ಗೋಡೆ ಮೇಲಿನ ಗ್ರಾಫ್. ಅವಳಿಗೆ ಅದು ವರ್ಷಗಟ್ಟಲೆ ಯಾರೂ ಕೇಳದೆ ಬಂದು ಕುಂತದ್ದು. ಅವಳ 1972ರ ಅರ್ಧ ರೊಟ್ಟಿಗೂ ನನ್ನ ಎರಡು ರೊಟ್ಟಿಗೂ ಒಂದೇ ಸೂತ್ರ ಹೊಂದುತ್ತದೆ, ಅದೇ ನನಗೆ ನಾಚಿಕೆ ತಂದಿತು. ಕಾಟಾವನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಅವತ್ತಿನಿಂದ ಊರಿಗೆ ಅದನ್ನು ಒಯ್ದಿಲ್ಲ. ಮನೆಯಲ್ಲಿ ಇದ್ದಷ್ಟು ದಿನ ಆಯಿಯ ದಪ್ಪ ರೊಟ್ಟಿ ಎರಡನ್ನೂ ತಿಂತೀನಿ, ವಹಿಯಲ್ಲಿ 600 ಬರೀತೀನಿ, ಅನ್ನ ಬಿಡ್ತೀನಿ, ಸಂಜಿಗೆ ಹೊಲದ ತನಕ ಬೈಕ್ ಬಿಟ್ಟು ನಡೀತೀನಿ. ಆದರೂ ಒಂದೆರಡು ನೂರು ಹೆಚ್ಚಾಗುತ್ತದೆ. ಆಗಲಿ. ಮೂರು ವರ್ಷದ ಗೆರೆಯಲ್ಲಿ ಮೂರು ವಾರ ಎಷ್ಟರದು? ಅದೂ ಒಂದು ಅನುಕೂಲ ನೋಡಿ, 900ರಲ್ಲಿ ಬದುಕುವವನಿಗೆ ಒಂದು ಹಬ್ಬ ಬಂದರೆ ಕಟ್ಟಿದ್ದು ಬೀಳುತ್ತದೆ, 1900ರವನಿಗೆ ಆಯಿಗೂ ಜಾಗ ಇರುತ್ತದೆ.

ನನ್ನ ಅಂಕಿಗಳನ್ನು ಯಾರೂ ಹಾಗೇ ನಕಲು ಮಾಡಬೇಡಿ. ಅವು 94 ಕಿಲೋದ ಹುಡುಗನವು. 55 ಕಿಲೋ ಇದ್ದು "ಇನ್ನೂ ಇಳೀಬೇಕು" ಅನ್ನುವ ಗೆಳತಿಯರು, ಶುಗರ್ ಗುಳಿಗಿ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ. ನಮ್ಮ ರೂಮಿನ 61 ಕಿಲೋದವನು ನನ್ನ ಅದೇ ವಹಿಯನ್ನು ಉಲ್ಟಾ ಹಿಡಿದು, ದಿನಕ್ಕೆ 300 ಹೆಚ್ಚು ತಿಂದು 65 ಆಗಿದ್ದಾನೆ. ಅವನಿಗೆ ಊರಲ್ಲಿ ಯಾರೂ ರಕ್ತ ಪರೀಕ್ಷೆಗೆ ಹೇಳಿಲ್ಲ.

ಈ ಸಲ ಸೆಪ್ಟೆಂಬರಿನಲ್ಲಿ ಮತ್ತೆ ಹೆಸರು ರಾಶಿಗೆ ಹೋಗಿದ್ದೆ. ಈ ವರ್ಷ ಉಲ್ಟಾ, ಮಳೆ ಹೆಚ್ಚಾಗಿ ಕಾಯಿ ಗಿಡದಲ್ಲೇ ಕೊಳೆತಿತ್ತು. ಆರು ಚೀಲ, ಅದರಲ್ಲಿ ಎರಡು ಕಪ್ಪಾದವು. ಅದೇ ವ್ಯಾಪಾರಿ, ಅದೇ ಕಾಟಾ. ಕಾಕಾ ಮರೆತಿರಲಿಲ್ಲ. "ಏ ಐದನೇ ಚೀಲ, ಬಾ ಇಲ್ಲೆ." ನಿಂತೆ. 79.4. "ಹದಿನಾಕ ಕಿಲೋ ಎಲ್ಲಿ ಚೆಲ್ಲಿ ಬಂದ್ಯೋ?" ಅಂತ ಅವನು ಕೂಗಿದ್ದಕ್ಕೆ ಈ ಸಲ ಅಪ್ಪನೂ ನಕ್ಕ.

ಯಾರೋ ಆಯಿಯನ್ನೂ ನಿಲ್ಲಿಸಿದರು. ಬ್ಯಾಡ ಬ್ಯಾಡ ಅನ್ನುತ್ತಲೇ ಸೀರಿ ಎತ್ತಿ ಹಿಡಿದು ನಿಂತಳು. 41.3. ಅವಳ ಎತ್ತರ ಒಂದೂವರೆ ಮೀಟರ್ ಇದ್ದೀತು. ರೂಢಿ ಆಗಿಬಿಟ್ಟಿದೆ, ತಲೆಯಲ್ಲಿ ಭಾಗಾಕಾರ ತಾನೇ ನಡೆಯಿತು: 18.4. 18.5ಕ್ಕಿಂತ ಕೆಳಗೆ ಇದ್ದರೆ ಕಮ್ಮಿ ತೂಕ ಅಂತಾರೆ.

"ಎಷ್ಟ ಬಂತೋ?" ಅಂದಳು.

"ಬರೋಬ್ಬರಿ ಐತಿ ಬೇ" ಅಂದೆ.

ರಾತ್ರಿ ಊಟಕ್ಕೆ ಕುಂತಾಗ ನೋಡಿದೆ. ಎಲ್ಲರದೂ ಆದ ಮೇಲೆ ಅವಳ ಗಂಗಾಳದಲ್ಲಿ ಒಂದು ತೆಳ್ಳನ ರೊಟ್ಟಿ, ಅದೂ ಹಂಚಿನ ಮೇಲೆ ಕಡೆಗೆ ಬಂದದ್ದು, ಒಂದು ಬದಿ ಹರಿದದ್ದು. ನನ್ನ ಎರಡನೇ ದಪ್ಪ ರೊಟ್ಟಿಯನ್ನು ಮುರಿದು ಅರ್ಧ ಅವಳ ಗಂಗಾಳಕ್ಕೆ ಹಾಕಿ, ಮೇಲೆ ಒಂದು ಚಮಚೆ ಶೇಂಗಾ ಹಿಂಡಿ, ಅದರ ಮೇಲೆ ಎಣ್ಣಿ ಬಿಟ್ಟೆ.

"ಸಾಕೋ ಯಪ್ಪಾ, ಸಾಕು" ಅಂದಳು ಆಯಿ.